ಹಲಗೆ ಬೇಲಿಯಲ್ಲೊಂದು ಚಹಾ ಕಿಂಡಿ

ಬೆರಿಲ್ ಪಾಸ್ಕೋಳನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಯ ಬಾಯ್ಲರ್ ಕೆಟ್ಟ ದಿನ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ಆ ಪ್ರಾಥಮಿಕ ಶಾಲೆಗೆ ನಾನು ಆಗಷ್ಟೇ ಮೇಷ್ಟ್ರಾಗಿ ಸೇರಿದ್ದೆ. ಜನವರಿಯ ಚಳಿ. ಮಕ್ಕಳನ್ನೆಲ್ಲ ಮನೆಗೆ ಕಳುಹಿಸಿ, ಬೆರಳು ಬೆಚ್ಚಗೆ ಮಾಡಿಕೊಳ್ಳೋಣವೆಂದು ಎದುರಿಗಿದ್ದ ಸಣ್ಣ ಹೋಟೆಲಿಗೆ ನುಗ್ಗಿದೆ. ಗಾಜಿನ ತುಂಬ ಹಬೆ ಕೂತಿತ್ತು. ಒಲೆಯ ಹಿಂದಿನಿಂದ ಒಬ್ಬ ಗಿಡ್ಡ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹೊಸ ಮೇಷ್ಟ್ರಾ? ನಮ್ಮಣ್ಣನ್ನ ಆ ಶಾಲೆಯಿಂದ ಎರಡು ಸಲ ಓಡಿಸಿದ್ರು. ಕೂತ್ಕೊ ಚಿನ್ನಾ. ನಿನ್ನನ್ನ ಓಡಿಸೋದಕ್ಕೆ ಮುಂಚೆ ಏನಾದ್ರೂ ತಿನ್ನು.”

ಆಕೆಗೆ ಎಲ್ಲರೂ ಚಿನ್ನವೇ. ಹಾಲಿನವನು, ಪೊಲೀಸಿನವನು, ಚರ್ಚಿನ ಪಾದ್ರಿ, ಯಾರನ್ನೂ ಬಿಟ್ಟವಳಲ್ಲ. ನನ್ನ ಮುಂದೆ ಮೊಟ್ಟೆ, ಹುರಿದ ಆಲೂಗಡ್ಡೆ, ಇಟ್ಟಿಗೆಯ ಬಣ್ಣದ ಚಹಾ ಬಂದು ಕೂತವು. ಅಂದಿನಿಂದ ನಿವೃತ್ತನಾಗುವವರೆಗೂ ನನ್ನ ಬೆಳಗಿನ ಚಹಾ ಅಲ್ಲಿಯೇ.

ಆ ಅಂಗಡಿ ಆಕೆಯ ತಂದೆಯದು. ಯುದ್ಧಕಾಲದಲ್ಲಿ ಪಕ್ಕದ ಬೀದಿಗೆ ಬಾಂಬು ಬಿದ್ದಾಗಲೂ ಮರುದಿನ ಬೆಳಿಗ್ಗೆ ಒಲೆ ಹಚ್ಚಿದ್ದರಂತೆ. ನಿಲ್ದಾಣದ ಗೋಡೆಯ ಪಕ್ಕದ ಓಣಿಯಲ್ಲಿ ಬರುವ ಹಮಾಲರು, ಅಂಚೆಯವರು, ಟ್ಯಾಕ್ಸಿ ಚಾಲಕರು ಅಲ್ಲಿನ ಗಿರಾಕಿಗಳು. ನಿಲ್ದಾಣವೋ ಆಗ ಅರ್ಧ ಪಾರಿವಾಳಗಳ ಪಾಲಾಗಿತ್ತು. ಕಡಲಡಿಯ ಸುರಂಗದಲ್ಲಿ ಹಾಯುವ ಪ್ಯಾರಿಸ್ಸಿನ ವೇಗದ ರೈಲು ಹೊರಡುತ್ತಿದ್ದದ್ದು ನದಿಯ ಆಚೆಯ ವಾಟರ್‌ಲೂ ನಿಲ್ದಾಣದಿಂದ. ಫ್ರಾನ್ಸಿನಲ್ಲಿ ಹಾರಿಬರುವ ಆ ರೈಲು ನಮ್ಮ ಕಡೆ ಊರ ರೈಲುಗಳ ಹಿಂದೆ ಸಾಲಿನಲ್ಲಿ ಕಾಯುತ್ತ ತೆವಳುತ್ತಿತ್ತು. ಅದಕ್ಕಾಗಿ ಹೊಸ ಹಳಿ ಹಾಕಿ, ಅದರ ಕೊನೆಯ ನಿಲ್ದಾಣವನ್ನೇ ಸೇಂಟ್ ಪ್ಯಾಂಕ್ರಸ್ಸಿಗೆ ತರುತ್ತಾರೆ ಎಂಬ ಸುದ್ದಿ ಬಂದಾಗ ಬೆರಿಲಳಿಗಾದ ಹಿಗ್ಗು ನನಗೆ ನೆನಪಿದೆ. ತಾನಂತೂ ಪ್ಯಾರಿಸ್ಸಿಗೆ ಹೋಗಲಿಲ್ಲ, ಅದೇ ತನ್ನ ಬಾಗಿಲಿಗೆ ಬರುತ್ತಿದೆ ಎಂದು ಬಂದವರಿಗೆಲ್ಲ ಹೇಳಿದಳು.

ಆದರೆ ರೈಲಿಗಿಂತ ಮೊದಲು ಬಂದದ್ದು ಬೇಲಿ. ಒಂದು ಬೆಳಿಗ್ಗೆ ಎತ್ತರದ ಹಲಗೆಗಳನ್ನು ತಂದು ಓಣಿಗೆ ಅಡ್ಡವಾಗಿ ನಿಲ್ಲಿಸಿದರು. ಬೆರಿಲಳ ಅಂಗಡಿ ದಾರಿ ಮುಚ್ಚಿದ ಬೀದಿಯ ಕೊನೆಯಲ್ಲಿ ಉಳಿಯಿತು. ದೊಡ್ಡ ರಸ್ತೆಯಲ್ಲಿ ಸುತ್ತಿ ಬರುವ ತಾಳ್ಮೆ ಹಳೆಯ ಗಿರಾಕಿಗಳಿಗೆ ಇರಲಿಲ್ಲ. ಪತ್ರಿಕೆ ಮಾರುವವನು ಅಂಗಡಿ ಎತ್ತಿದ. ಬಟ್ಟೆ ಒಗೆಯುವ ಅಂಗಡಿಗೆ ಬೀಗ ಬಿತ್ತು. ಮಾರ್ಗೇಟಿನಲ್ಲಿದ್ದ ಬೆರಿಲಳ ತಂಗಿ, ಎಲ್ಲ ಮಾರಿ ಸಮುದ್ರದ ದಡಕ್ಕೆ ಬಂದುಬಿಡು ಎಂದು ವಾರವಾರವೂ ಫೋನು ಮಾಡತೊಡಗಿದಳು. ಖಾಲಿ ಕುರ್ಚಿಗಳ ನಡುವೆ ನಾನೊಬ್ಬನೇ ಕೂತು ಚಹಾ ಕುಡಿದ ದಿನಗಳಿದ್ದವು.

“ರೈಲು ಬರೋ ದಿನ ನನ್ನ ಬಾಗಿಲು ತೆಗೆದಿರ್ಬೇಕು ಮೇಷ್ಟ್ರೇ, ಅಷ್ಟೇ,” ಎಂದಳು ಒಮ್ಮೆ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತ. “ಅಲ್ಲೀವರೆಗೂ ಹೇಗೆ ತಳ್ಳೋದು ಅಂತ ಗೊತ್ತಾಗ್ತಿಲ್ಲ.”

ಬೇಲಿಯ ಆಚೆ ನೂರಾರು ಜನ ಕೆಲಸ ಮಾಡುತ್ತಿದ್ದರು. ಈಕೆ ಹಂದಿಮಾಂಸ ಹುರಿದರೆ ವಾಸನೆಗೆ ಬೇಲಿಯ ಹಂಗಿರಲಿಲ್ಲ. ಒಂದು ದಿನ ಆಚೆಯಿಂದ ಐರಿಷ್ ದನಿಯೊಂದು ಕೇಳಿತು.

“ಯಜಮಾನ್ತಿ, ವಾಸನೆಗೂ ದುಡ್ಡು ತಗೋತೀರಾ?”

“ವಾಸನೆ ಪುಕ್ಕಟೆ. ತಿನ್ನೋದಾದ್ರೆ ಸುತ್ತಿ ಬಾ ಚಿನ್ನಾ.”

ಅವನು ಮೇಸ್ತ್ರಿ ಡೋನಲ್. ಸುತ್ತಿ ಬರುವುದರೊಳಗೆ ಚಹಾದ ಬಿಡುವು ಮುಗಿದೇ ಹೋಗುತ್ತಿತ್ತು. ಮರುದಿನ ನೋಡಿದರೆ ಬೇಲಿಯಲ್ಲಿ ಒಂದು ಚೌಕದ ಕಿಂಡಿ. ಕೊರೆದವರಾರೋ ಯಾರಿಗೂ ಗೊತ್ತಿಲ್ಲ. ಅದರಲ್ಲಿ ಒಂದು ಲೋಟ ತೂರುತ್ತಿತ್ತು, ತಟ್ಟೆ ತೂರುತ್ತಿರಲಿಲ್ಲ. ಹಾಗಾಗಿ ಬೆರಿಲ್ ಮೊಟ್ಟೆಯನ್ನೂ ಮಾಂಸವನ್ನೂ ಬ್ರೆಡ್ಡಿನೊಳಗೆ ಮಡಚಿ ದಾಟಿಸತೊಡಗಿದಳು. ಒಬ್ಬೊಬ್ಬನ ಲೋಟವೂ ಬೇರೆ, ಚಹಾದ ಬಣ್ಣವೂ ಬೇರೆ. ಇಂಥವನಿಗೆ ಕಡುಗೆಂಪು, ಇಂಥವನಿಗೆ ಹಾಲು ಮುಂದು ಎಂದು ಆಕೆ ಕೈಯನ್ನು ಮಾತ್ರ ನೋಡಿ ಗುರುತಿಸುತ್ತಿದ್ದಳು. ಎಷ್ಟೋ ಜನರ ಮುಖವನ್ನೇ ಕಂಡಿರಲಿಲ್ಲ. ಕುರ್ಚಿಗಳು ಖಾಲಿಯೇ ಇದ್ದವು, ಆದರೆ ಒಲೆ ಆರಲಿಲ್ಲ.

ಎರಡನೆಯ ವರ್ಷ ಯಾರ್ಕ್‌ಷೈರಿನಿಂದ ಹಾರ್ಗ್ರೀವ್ಸ್ ಎಂಬ ಹೊಸ ಎಂಜಿನಿಯರು ಬಂದರು. ಕಿಂಡಿ ಕಂಡ ದಿನವೇ ಹಲಗೆ ಹೊಡೆಸಿ ಮುಚ್ಚಿಸಿದರು. ಪಕ್ಕದಲ್ಲೇ ಶಾಲೆಯಿದೆ, ಮಗುವೊಂದು ನುಸುಳಿದರೆ ಗತಿಯೇನು ಎಂಬುದು ಅವರ ಚಿಂತೆ. ಮೇಷ್ಟ್ರಾಗಿ ನಾನು ಅದನ್ನು ತಪ್ಪೆನ್ನಲಾರೆ. ಅವರ ತಪ್ಪು ಬೇರೆಯದು. ಆಳುಗಳಿಗೆ ಬೇಕಾದದ್ದು ಬಿಸಿನೀರು ಎಂದು ತಿಳಿದು, ಒಳಗೆ ಒಂದು ಚಹಾ ಯಂತ್ರ ತಂದು ನಿಲ್ಲಿಸಿದರು. ಗುಂಡಿ ಒತ್ತಿದರೆ ಹಾಲಿನ ಪುಡಿ ತೇಲುವ ಬೂದುಬಣ್ಣದ ನೀರು ಬರುತ್ತಿತ್ತು. ಡೋನಲ್ ಒಂದು ಗುಟುಕು ಕುಡಿದು, ಉಳಿದದ್ದನ್ನು ನೆಲಕ್ಕೆ ಚೆಲ್ಲಿದನಂತೆ.

ಮರುದಿನ ಶಾಲೆಗೆ ರಜೆ. ನಾನು ಬೆರಿಲಳ ಅಂಗಡಿಯಲ್ಲಿದ್ದೆ. ಚಹಾದ ಹೊತ್ತಿಗೆ ಬೀದಿಯ ತುದಿಯಲ್ಲಿ ಹಳದಿ ಟೋಪಿಗಳು ಕಂಡವು. ಡೋನಲ್ ಮುಂದೆ, ಉಳಿದವರು ಹಿಂದೆ, ದೊಡ್ಡ ರಸ್ತೆಯನ್ನೆಲ್ಲ ಸುತ್ತಿಕೊಂಡು ಕೆಸರು ಬೂಟಿನಲ್ಲಿ ನಡೆದು ಬಂದರು. ಗಲಾಟೆಯಿಲ್ಲ, ಘೋಷಣೆಯಿಲ್ಲ. ಎಷ್ಟೋ ದಿನಗಳ ಮೇಲೆ ಎಲ್ಲ ಕುರ್ಚಿಗಳೂ ತುಂಬಿದವು. ಬೆರಿಲ್ ಒಬ್ಬೊಬ್ಬನ ಕೈ ನೋಡಿ, ಆಮೇಲೆ ಮುಖ ನೋಡಿ, ಓ ಇದು ನೀನಾ ಎನ್ನುತ್ತ ಲೋಟ ಇಟ್ಟಳು.

ಅತ್ತ ಕಾಂಕ್ರೀಟಿನ ಲಾರಿಗಳು ಬಂದು ಕಾಯುತ್ತಿದ್ದವು. ಕೊನೆಗೆ ಹಾರ್ಗ್ರೀವ್ಸರೇ ಅಷ್ಟು ದೂರ ನಡೆದು, ಮಳೆಯಲ್ಲಿ ತೊಯ್ದು ಬಾಗಿಲಲ್ಲಿ ನಿಂತರು. ಎಲ್ಲರೂ ತಟ್ಟೆಯ ಕಡೆ ನೋಡಿದರು.

“ಕೂತ್ಕೊ ಚಿನ್ನಾ,” ಎಂದಳು ಬೆರಿಲ್. “ಮೊದ್ಲು ಚಹಾ ಕುಡಿ, ಆಮೇಲೆ ಬಯ್ಯಿ.”

ಅವರು ಕುಡಿದರು. ಲೋಟವನ್ನು ಒಮ್ಮೆ ನೋಡಿ ಮತ್ತೆ ಕುಡಿದರು. ಬಯ್ಯಬೇಕೆಂದು ಬಂದ ದನಿ ಅರ್ಧ ಇಳಿದಿತ್ತು.

“ಆ ಕಿಂಡಿ ಕೊರೆದವರು ಯಾರು?”

“ಇಲಿ ಇರ್ಬೇಕು ಚಿನ್ನಾ. ಇಲ್ಲಿ ದೊಡ್ಡ ದೊಡ್ಡ ಇಲಿಗಳಿವೆ. ಟೋಪಿ ಹಾಕ್ಕೊಂಡು ಓಡಾಡ್ತವೆ.”

ಡೋನಲ್ ಕೆಮ್ಮಿದ. ಹಾರ್ಗ್ರೀವ್ಸರು ನಗು ತಡೆದು, ಮಕ್ಕಳ ಮಾತೆತ್ತಿದರು. ತೆರೆದ ಕಿಂಡಿಯನ್ನು ತಾವು ಬಿಡುವಂತಿಲ್ಲ ಎಂದರು. ಬೆರಿಲ್ ಸೌಟು ಕೆಳಗಿಟ್ಟಳು.

“ಹಾಗಾದ್ರೆ ಮಕ್ಕಳು ನುಸುಳದ ಹಾಗೆ ಮಾಡಿಕೊಡು. ಸಮುದ್ರದ ಕೆಳಗೇ ರೈಲು ಓಡಿಸೋ ಜನ ನೀವು. ಒಂದು ಹಲಗೇಲಿ ಕಿಟಕಿ ಮಾಡೋಕಾಗಲ್ವಾ?”

ಹಾರ್ಗ್ರೀವ್ಸರು ಖಾಲಿ ಲೋಟವನ್ನು ಮುಂದೆ ತಳ್ಳಿ, “ಇನ್ನೊಂದು ಹಾಕಿ, ಹೀಗೇ ಇರ್ಲಿ,” ಎಂದರು. ಅಲ್ಲಿಗೆ ಮಾತು ಮುಗಿಯಿತು.

ಒಂದೇ ವಾರದಲ್ಲಿ ಕಿಟಕಿ ಬಂತು. ಮಗುವಿಗೆ ನಿಲುಕದ ಎತ್ತರ, ಎರಡೂ ಕಡೆ ಲೋಟವಿಡಲು ಪಟ್ಟಿ, ಸರಿಯಾದ ಕೀಲು, ಚಿಲಕ, ಬೀಗ. ಈಚೆ ಬದಿಯಲ್ಲಿ ಬೆರಿಲ್ ನಿಲ್ಲಲು ಒಂದು ಮೆಟ್ಟಿಲು. ನಿಲ್ದಾಣದ ಹಳೆಯ ಓಕ್ ತೊಲೆಯೊಂದನ್ನು ಡೋನಲನ ಬಡಗಿಗಳು ಸೀಳಿ ಮಾಡಿದ್ದು. ಈ ಸಲ ಅದರಲ್ಲಿ ತಟ್ಟೆಯೂ ತೂರುತ್ತಿತ್ತು. ಬೀಗದ ಕೈಯನ್ನು ಹಾರ್ಗ್ರೀವ್ಸರು ತಾವೇ ತಂದುಕೊಟ್ಟರು. ಬೆರಿಲ್ ಅದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ತಂಗಿಯ ಫೋನು ಬಂದಾಗ, ಮಾತಾಡಲು ಪುರುಸೊತ್ತಿಲ್ಲ ಎಂದು ಇಟ್ಟುಬಿಡುತ್ತಿದ್ದಳು. ಯಂತ್ರ ಏನಾಯಿತೋ ಯಾರೂ ಕೇಳಲಿಲ್ಲ.

ಕೆಲಸ ಮುಗಿಯಲು ವರ್ಷಗಳೇ ಹಿಡಿದವು. ಎರಡು ಸಾವಿರದ ಏಳರ ನವೆಂಬರಿನಲ್ಲಿ ವಾಟರ್‌ಲೂವಿನಿಂದ ಕೊನೆಯ ರೈಲು ಹೋಯಿತು. ಮರುದಿನ ಬೆಳಿಗ್ಗೆ ಪ್ಯಾರಿಸ್ಸಿನ ರೈಲು ನಮ್ಮ ನಿಲ್ದಾಣದ ಆಕಾಶನೀಲಿ ಕಮಾನಿನ ಕೆಳಗೆ ಬಂದು ನಿಂತಿತು. ಅಷ್ಟರಲ್ಲಿ ಓಣಿಯ ಬೇಲಿ ಬಿದ್ದಿತ್ತು, ಬೆರಿಲಳ ಬಾಗಿಲು ತೆಗೆದಿತ್ತು. ಮೊದಲು ಒಳಬಂದವನು ಪೆಟ್ಟಿಗೆ ಎಳೆದುಕೊಂಡು ಬಂದ ಒಬ್ಬ ಫ್ರೆಂಚ್ ಮುದುಕ. ಅವನು ಕೇಳಿದ್ದು ಆಕೆಗೆ ತಿಳಿಯಲಿಲ್ಲ, ಆಕೆ ಕೊಟ್ಟದ್ದನ್ನು ಅವನು ಬಿಡದೆ ತಿಂದ. ಹಿಂದೆಯೇ ಡೋನಲ್ ಮತ್ತು ಅವನ ಜನ, ಹೆಂಡತಿ ಮಕ್ಕಳ ಸಮೇತ, ಒಗೆದ ಅಂಗಿಗಳಲ್ಲಿ. ಹಾರ್ಗ್ರೀವ್ಸರೂ ಇದ್ದರು. ಚೌಕಟ್ಟಿನ ಸಮೇತ ಬಿಚ್ಚಿ ಹೊಳಪು ಹಚ್ಚಿದ ಆ ಕಿಟಕಿಯನ್ನು ನಾಲ್ವರು ಹೊತ್ತು ತಂದರು. ಅದರ ಚಿಲಕಕ್ಕೆ ಪ್ಯಾರಿಸ್ಸಿಗೆ ಹೋಗಿಬರುವ ಎರಡು ಟಿಕೆಟ್ ಸಿಕ್ಕಿಸಿದ್ದರು.

ತಂಗಿಯನ್ನು ಕರೆದುಕೊಂಡು ಬೆರಿಲ್ ಹೋಗಿಬಂದಳು. ಹೇಗಿತ್ತು ಎಂದು ಕೇಳಿದೆ.

“ಊರು ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಪಾಪ, ಚಹಾನ ದಾರಕ್ಕೆ ಕಟ್ಟಿ ಉಗುರುಬೆಚ್ಚಗಿನ ನೀರಲ್ಲಿ ಈಜಾಡಿಸ್ತಾರೆ.”

ಈಗ ಆಕೆಗೆ ಎಪ್ಪತ್ತೈದು ದಾಟಿದೆ. ಒಲೆಯ ಕೆಲಸ ತಂಗಿಯ ಮಗಳದು. ಕಿಟಕಿ ಅಡುಗೆಮನೆಗೂ ಅಂಗಡಿಗೂ ನಡುವಿನ ಗೋಡೆಯಲ್ಲಿದೆ. ಅದರ ಪಕ್ಕ ಕುರ್ಚಿ ಹಾಕಿಕೊಂಡು ಬೆರಿಲ್ ಲೋಟ ದಾಟಿಸುತ್ತಾಳೆ. ಬೆಳಗಿನ ರೈಲಿನವರು ಬಾಗಿಲಿನಾಚೆಗೂ ಸಾಲು ನಿಲ್ಲುತ್ತಾರೆ. ವರ್ಷಕ್ಕೊಮ್ಮೆ ಫ್ಲಾಸ್ಕಿನಲ್ಲಿ ತನ್ನ ಚಹಾ ತುಂಬಿಕೊಂಡು ಪ್ಯಾರಿಸ್ಸಿಗೆ ಹೋಗಿಬರುತ್ತಾಳೆ.

ಜನ ಹೆಚ್ಚಾಗಿ ನಿಲ್ದಾಣ ಮತ್ತೆ ಇಕ್ಕಟ್ಟಾಗಿದೆ, ಇನ್ನೊಮ್ಮೆ ಕೆಲಸ ಹಿಡಿಯುತ್ತಾರೆ ಎಂಬ ಮಾತು ಬೀದಿಯಲ್ಲಿದೆ. ಹಾಗಾದರೆ ಮತ್ತೆ ಬೇಲಿ ಬರಬಹುದೇನೋ ಎಂದು ಹೋದ ವಾರ ನಾನು ಅಂದೆ. ಬೆರಿಲ್ ಅಡುಗೆ ಎಣ್ಣೆಯಲ್ಲಿ ಬೆರಳದ್ದಿ, ಹಾಡು ಗುನುಗುತ್ತ ಆ ಕಿಟಕಿಯ ಕೀಲುಗಳಿಗೆ ಸವರತೊಡಗಿದಳು.