ತುಟಿಯೊಳಗಿನ ಕಲ್ಲುಸಕ್ಕರೆ

ತಾರ್ನಾಕದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಗೋದಾವರಿಬಾಯಿ ದೂರದ ಊರುಗಳಿಗೆ ಫೋನ್ ಲೈನು ಜೋಡಿಸಿಕೊಡುವ ಟ್ರಂಕ್ ಕಾಲ್ ಆಪರೇಟರ್. ಅರ್ಧ ಹೈದರಾಬಾದಿಗೆ ಅವರ ದನಿ ಗೊತ್ತಿತ್ತು, ಮುಖ ಗೊತ್ತಿದ್ದವರು ನಾವು ನಾಲ್ಕು ಜನ. ಮದುವೆಯಾಗಿರಲಿಲ್ಲ. ತಾಯಿ ಉಮಾಬಾಯಿ ತೀರಿಕೊಂಡ ಮೇಲೆ ಜೊತೆಗೆ ಕೂತು ಉಣ್ಣುವವರೂ ಇರಲಿಲ್ಲ.

ಉಮಾಬಾಯಿ ದೇವರ ಮುಂದೆ ಹಾಡುವ ಮೊದಲು ಒಂದು ಚೂರು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಗಂಟಲು ನುಣ್ಣಗಿರಲಿ ಎಂದು. ಮಗಳು ಆ ಪದ್ಧತಿಯನ್ನು ಕಚೇರಿಗೆ ಒಯ್ದರು. ಮಾತಾಡಲು ನಾಲಿಗೆಗೆ ಅಡ್ಡಿಯಾಗದಂತೆ ಚೂರನ್ನು ಮೇಲ್ತುಟಿಯ ಒಳಗೆ, ಮುಂಬಲ್ಲಿಗೆ ಒತ್ತಿ ಇಟ್ಟುಕೊಳ್ಳುವರು. ಕಡಿಯುತ್ತಿರಲಿಲ್ಲ, ಕರಗಿದರೆ ಇನ್ನೊಂದು. ಹೀಗೆ ಹದಿನೆಂಟು ವರ್ಷ. ಮಿಠಾಯಿ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ, ಚಹಕ್ಕೂ ಸಕ್ಕರೆ ಹಾಕುತ್ತಿರಲಿಲ್ಲ. ಹಾಗಾಗಿ ತಮ್ಮ ಹಲ್ಲಿಗೆ ಏನೂ ಆಗದು ಎಂಬ ಜಂಬ ಬೇರೆ.

ಪ್ರತಿ ಗುರುವಾರ ಮಧ್ಯಾಹ್ನ ಬೇಗಂ ಬಜಾರಿನ ಬಸಲಿಂಗಮ್ಮ ಎಂಬಾಕೆ ಸಿಂಧನೂರಿನ ತವರಿಗೆ ಕಾಲ್ ಬುಕ್ ಮಾಡುತ್ತಿದ್ದಳು. ಲೈನು ಸಿಗುವವರೆಗೆ ಇಬ್ಬರೂ ಕನ್ನಡದಲ್ಲಿ ಎರಡು ಮಾತಾಡುವರು. ಪರಸ್ಪರ ಹೆಸರು ಕೇಳಿದವರಲ್ಲ. ಬಸಲಿಂಗಮ್ಮನ ಹೆಸರು ಬುಕಿಂಗ್ ಚೀಟಿಯಿಂದ ತಿಳಿದದ್ದು. ಒಮ್ಮೆ ಆಕೆ, "ಅಕ್ಕಾರ, ನಿಮ್ಮ ದನಿ ಕೇಳಿದ್ರನ ಅರ್ಧ ಊರಿಗೆ ಹೋದಂಗ ಆಕ್ಕೈತಿ ನೋಡ್ರಿ" ಅಂದಿದ್ದಳು. ಅದನ್ನು ಗೋದಾವರಿಬಾಯಿ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಅವರಿಗಾಗಿ ಕಾಯುವ ಜೀವ ಊರಲ್ಲಿ ಅದೊಂದೇ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಮೇಲಿನ ನಾಲ್ಕು ಮುಂಬಲ್ಲು ಬುಡದಲ್ಲಿ ಕಂದಾಗಿ, ಪುಡಿಯಾಗತೊಡಗಿದವು. ದಂತವೈದ್ಯೆ ಸುಹಾಸಿನಿ ಗುಲ್ಬರ್ಗಾ ಕಡೆಯವಳು. ಎಲ್ಲ ಕೇಳಿಕೊಂಡು ಹೇಳಿದಳು: "ಎಷ್ಟು ಸಕ್ಕರಿ ತಿಂದ್ರಿ ಅನ್ನೋದಕ್ಕಿಂತ, ಎಷ್ಟು ಹೊತ್ತು ಬಾಯಾಗ ಇಟಗೊಂಡ್ರಿ ಅನ್ನೋದು ದೊಡ್ಡದರಿ."

ಹಲ್ಲಿನ ಮೇಲೆ ಅಂಟಿಕೊಂಡ ಕಣ್ಣಿಗೆ ಕಾಣದ ಕ್ರಿಮಿಗಳು ಸಕ್ಕರೆ ತಿಂದು ಹುಳಿ ಬಿಡುತ್ತವಂತೆ. ಆ ಹುಳಿ ಹಲ್ಲಿನ ಗಟ್ಟಿ ಪದರವನ್ನು ಕರಗಿಸುತ್ತದೆ. ಬಿಡುವು ಕೊಟ್ಟರೆ ಜೊಲ್ಲು ಹುಳಿಯನ್ನು ತೊಳೆದು, ಸವೆದದ್ದನ್ನು ಅಷ್ಟಿಷ್ಟು ತುಂಬಿಕೊಡುತ್ತದೆ. ಹಬ್ಬದಲ್ಲಿ ಹೋಳಿಗೆ ತಿಂದು ಬಾಯಿ ಮುಕ್ಕಳಿಸಿದವರಿಗೆ ಆ ಬಿಡುವು ಸಿಗುತ್ತದೆ. ಗೋದಾವರಿಬಾಯಿಯ ಹಲ್ಲಿಗೆ ಹದಿನೆಂಟು ವರ್ಷ ಸಿಕ್ಕಿರಲಿಲ್ಲ.

"ಒಬ್ಬಾಕಿನ ಇದ್ದೀನಿ ಅಂತ ತಿಳಕೊಂಡಿದ್ದೆ. ಬಾಯಾಗ ಇಷ್ಟು ಸಂಸಾರ ಸಾಕೇನಿ ನೋಡು" ಎಂದು ನನ್ನೆದುರು ನಕ್ಕರು. ನನಗೆ ನಗು ಬರಲಿಲ್ಲ.

ನಾಲ್ಕೂ ಹಲ್ಲು ಕಿತ್ತರು. ಕಟ್ಟಿಸಿದ ಹಲ್ಲು ಬರಲು ಎರಡು ತಿಂಗಳು ಬೇಕಿತ್ತು. ರಜೆ ಮುಗಿಸಿ ಕೆಲಸಕ್ಕೆ ಕೂತ ಮೊದಲ ಗುರುವಾರವೇ ಬಸಲಿಂಗಮ್ಮನ ಕಾಲ್ ಬಂತು. ಗೋದಾವರಿಬಾಯಿ "ಸಿಂಧನೂರು" ಅಂದರೆ ಬಾಯಿಂದ ಬರೀ ಗಾಳಿ. ಆಕೆಗೆ ಗುರುತು ಹತ್ತಲಿಲ್ಲ.

"ಮೊದ್ಲಿನ ಅಕ್ಕಾರು ಎಲ್ಲಿ ಹೋದ್ರೀ?"

"ನಾನೇ" ಎಂದು ಗೋದಾವರಿಬಾಯಿ ಹೇಳಬಹುದಿತ್ತು. ಆ ದನಿಯಲ್ಲಿ ಹೇಳಲು ನಾಚಿಕೆಯಾಯಿತಂತೆ.

"ಅವರಿಗೆ ವರ್ಗ ಆತ್ರಿ."

"ನನಗ ಒಂದು ಮಾತೂ ಹೇಳದ ಹೋದ್ರಲ್ಲ" ಅಂದಳು ಬಸಲಿಂಗಮ್ಮ.

ಹೊಸ ಹಲ್ಲು ಬಂತು, ಹಳೆಯ ದನಿಯೂ ಬಂತು. ಆದರೆ ವರ್ಗವಾಗಿ ಹೋದವರು ಅದೇ ಕುರ್ಚಿಯಲ್ಲಿ ಹೇಗೆ ಮಾತಾಡಿಯಾರು? ಗುರುವಾರದ ಆ ಕಾಲ್ ಬಂದಾಗಲೆಲ್ಲ ಗೋದಾವರಿಬಾಯಿ ದನಿ ತಗ್ಗಿಸಿ ತೆಲುಗಿನಲ್ಲಿ ಲೈನು ಕೊಡುತ್ತಿದ್ದರು, ನಿವೃತ್ತಿಯಾಗುವವರೆಗೂ.