ತಂಬೂರಿ ಬಿಟ್ಟ ಮೇಲಿನ ಹಾಡುಗಳು

ಅವರ ಮೊದಲ ಎರಡು ಕ್ಯಾಸೆಟ್‌ಗಳು ಚಿನ್ನ. ಮೂರರಿಂದ ಏಳರವರೆಗಿನವು ಬರೀ ಹೊಟ್ಟು. ಎಂಟನೆಯದರಲ್ಲಿ ಒಂದೇ ಒಂದು ಹಾಡು ಪರವಾಗಿಲ್ಲ. ಇಪ್ಪತ್ತು ವರ್ಷ ಕೇಳಿ ಹೇಳುತ್ತಿರುವ ಮಾತಿದು. ಯಾರು ಬಂದು ವಾದಿಸಿದರೂ ಬದಲಾಯಿಸುವುದಿಲ್ಲ.

ಚಾಮರಾಜನಗರದ ಕಡೆಯ ಜಾನಪದ ಗಾಯಕರು ಅವರು. ನಾನು ಮೈಸೂರಿನಲ್ಲಿ ಪಾಲಿಟೆಕ್ನಿಕ್ ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಅವರ ಮೊದಲ ಕ್ಯಾಸೆಟ್ ತಂದಿದ್ದಳು. ಒಂದು ತಂಬೂರಿ, ತಾಳಕ್ಕೆ ಒಂದು ದಮ್ಮಡಿ, ನಡುವೆ ಆ ಕಂಠ. ಮೇಲಿನ ಸ್ವರಕ್ಕೆ ಏರಿದಾಗ ನನಗೆ ಊಟ ಬೇಡವಾಗುತ್ತಿತ್ತು. ಮೂರನೆಯದಕ್ಕೆ ಕೀಬೋರ್ಡ್ ಬಂತು, ಜೊತೆಗೆ ಹಿಂದಿನಿಂದ ಕೂಗುವ ನಾಲ್ಕು ಹುಡುಗಿಯರು. ನಾಲ್ಕನೆಯದರ ತುಂಬ ಯಾರೋ ರಾಜಕಾರಣಿಯ ಹೊಗಳಿಕೆ. ಐದನೆಯದು ಅತ್ತೆ ಸೊಸೆಯರ ಜಗಳದ ಹಾಸ್ಯ. ಮದುವೆಯಾಗಿ ಮಸ್ಕತ್ತಿಗೆ ಬಂದ ಮೇಲೂ ಊರಿನಿಂದ ಬರುವವರ ಕೈಲಿ ತರಿಸಿಕೊಳ್ಳುತ್ತಿದ್ದೆ. ಈ ಸಲ ಸರಿಹೋಗಿರುತ್ತಾರೆ ಅಂದುಕೊಳ್ಳುವುದು, ಕೇಳಿ ಮುಖ ಸಿಂಡರಿಸುವುದು.

ಕಚ್ಚಾ ತೈಲದ ಬೆಲೆ ಬಿದ್ದ ಎರಡನೆಯ ವರ್ಷ ಅದು. ಮಸ್ಕತ್ತಿನ ರೂವಿಯಲ್ಲಿದ್ದ ನಮ್ಮ ಕಚೇರಿಯ ಡ್ರಾಯಿಂಗ್ ವಿಭಾಗದಲ್ಲಿ ಹನ್ನೊಂದು ಮೇಜುಗಳಿದ್ದವು, ಕೂರುವವರು ನಾಲ್ವರೇ ಉಳಿದಿದ್ದೆವು. ಪ್ರತಿ ವರ್ಷ ಸಿನಿಮಾ ಗಾಯಕರನ್ನು ವಾದ್ಯವೃಂದದ ಸಮೇತ ಕರೆಸುತ್ತಿದ್ದ ನಮ್ಮ ಕನ್ನಡ ಬಳಗಕ್ಕೆ ಆ ವರ್ಷ ಪ್ರಾಯೋಜಕರೇ ಸಿಗಲಿಲ್ಲ. ಕಾರ್ಯಕ್ರಮವನ್ನೇ ಕೈಬಿಡೋಣ ಎಂದು ಸಭೆಯಲ್ಲಿ ಮಾತು ಬಂದಾಗ ನಾನು ಇವರ ಹೆಸರು ಹೇಳಿದೆ. ಒಬ್ಬರೇ ಬಂದರೆ ಸಾಕು, ತಂಬೂರಿಯಲ್ಲೇ ಸಭೆ ಗೆಲ್ಲುತ್ತಾರೆ ಎಂದು ಭರವಸೆಯನ್ನೂ ಕೊಟ್ಟೆ.

ವಿಮಾನ ನಿಲ್ದಾಣಕ್ಕೆ ನಾನೂ ನನ್ನ ಯಜಮಾನರೂ ಹೋಗಿದ್ದೆವು. ಗಾಯಕರ ಕೈಯಲ್ಲಿ ಒಂದು ಚಿಕ್ಕ ಸೂಟ್‌ಕೇಸ್, ಅಷ್ಟೇ. ತಂಬೂರಿ ಎಲ್ಲಿ ಎಂದು ಕೇಳಿದ್ದಕ್ಕೆ ಜುಬ್ಬದ ಜೇಬು ತಟ್ಟಿ, ಎಲ್ಲ ಪೆನ್‌ಡ್ರೈವಿನಲ್ಲಿದೆ ಎಂದರು.

ಶುಕ್ರವಾರ ಶಾಲೆಯೊಂದರ ಸಭಾಂಗಣದಲ್ಲಿ, ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತದ ಟ್ರ್ಯಾಕ್ ಹಾಕಿಕೊಂಡು ಎರಡು ಗಂಟೆ ಹಾಡಿದರು. ಜನ ಕುಣಿದರು, ಮಕ್ಕಳು ಇಂಗ್ಲಿಷಿನಲ್ಲಿ ಕೂಗಿ ಇನ್ನೊಂದು ಬೇಕೆಂದರು. ಬಳಗದ ಅಧ್ಯಕ್ಷರು ನನ್ನ ಆಯ್ಕೆಯನ್ನು ಹೊಗಳಿದರು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಮರುದಿನ ಅವರನ್ನು ಕಾರಿನಲ್ಲಿ ಸಮುದ್ರದ ದಂಡೆಯ ಸೂರ್ ಪಟ್ಟಣಕ್ಕೆ ಕರೆದೊಯ್ಯಬೇಕಿತ್ತು. ಅಲ್ಲಿ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ನಾಲ್ಕಾರು ಕನ್ನಡ ಕುಟುಂಬಗಳು ಒಂದು ಮನೆಯಲ್ಲಿ ಸೇರುವವರಿದ್ದರು. ದಾರಿಯಲ್ಲಿ ಸಿಗುವ ಖುರಿಯಾತ್ ದಾಟುವವರೆಗೆ ಸುಮ್ಮನಿದ್ದೆ. ಆಮೇಲೆ ತಡೆಯಲಾಗಲಿಲ್ಲ. ಒಂದೊಂದು ಕ್ಯಾಸೆಟ್ಟನ್ನೂ ಎತ್ತಿಕೊಂಡು ಎಲ್ಲಿ ಕೆಟ್ಟಿತು ಎಂದು ಹೇಳಿದೆ. ಕಾರು ಓಡಿಸುತ್ತಿದ್ದ ಯಜಮಾನರು ಕನ್ನಡಿಯಲ್ಲಿ ನನ್ನತ್ತ ಕಣ್ಣು ಬಿಟ್ಟರು. ಗಾಯಕರು ಸಮುದ್ರ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಕೀಬೋರ್ಡ್ ನುಡಿಸುವವನು ತಮ್ಮ ಅಳಿಯ, ಅವನನ್ನು ಬಿಡುವುದು ಹೇಗೆ ಎಂದು ನಕ್ಕರು.

"ಅಣ್ಣ, ಇವತ್ತು ಒಂದೇ ಒಂದು ಹಾಡು ಟ್ರ್ಯಾಕ್ ಇಲ್ಲದೆ ಹಾಡಿ" ಎಂದೆ.

ಅವರು ಜೇಬಿನ ಪೆನ್‌ಡ್ರೈವನ್ನು ಮುಟ್ಟಿ ನೋಡಿಕೊಂಡರು.

ಸೂರ್‌ನ ಆ ಮನೆಯಲ್ಲಿ ಪರಿಚಯದವರೂ ಸೇರಿ ಮೂವತ್ತು ಜನ ಕೂತಿದ್ದರು. ನಾಲ್ಕು ಹಾಡು ಟ್ರ್ಯಾಕಿನಲ್ಲೇ ಮುಗಿಸಿ, ಗಾಯಕರು ನನ್ನ ಕಡೆ ನೋಡಿ, ತಾಳಕ್ಕೆ ಏನಾದರೂ ಸಿಕ್ಕೀತೇ ಎಂದು ಕೇಳಿದರು. ಬಾಗಿಲ ಬಳಿ ಕೂತಿದ್ದ, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬ್ಯಾರಿ ಸಾಹೇಬರು ಎದ್ದರು.

"ನನ್ನ ರೂಮಲ್ಲಿ ದಫ್ ಉಂಟು. ಆಗ್ತದಾ?"

ದಫ್ ಬಂತು. ಬಾರಿಸುವುದಕ್ಕೂ ಸಾಹೇಬರೇ ಕೂತರು. ಅದೂ ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯವೇ, ದಮ್ಮಡಿಗೂ ಅದಕ್ಕೂ ಹೆಚ್ಚು ದೂರವಿಲ್ಲ, ಅರ್ಧ ನಿಮಿಷದಲ್ಲಿ ಇಬ್ಬರಿಗೂ ಲಯ ಕೂಡಿತು. ಮೊದಲ ಕ್ಯಾಸೆಟ್ಟಿನ ಮೊದಲ ಹಾಡು. ಪಲ್ಲವಿ ಚೆನ್ನಾಗಿ ಬಂತು. ಮೇಲಿನ ಸ್ವರಕ್ಕೆ ಏರುವಲ್ಲಿ ಕಂಠ ಒಡೆದು ಬರೀ ಗಾಳಿ ಹೊರಬಿತ್ತು. ಅವರು ನಿಲ್ಲಿಸಿದರು. ಯಾರೋ ಕೆಮ್ಮಿದರು. ಟ್ರ್ಯಾಕ್ ಇಲ್ಲದೆ ಹಾಡಿ ಎಂದು ಕೇಳಿದ್ದು ನಾನೇ, ಹೀಗಾಗಿ ನನಗೆ ತಲೆ ಎತ್ತಲಾಗಲಿಲ್ಲ. ಅವರು ನೀರು ಕುಡಿದು, ಶ್ರುತಿ ಇಳಿಸಿಕೊಂಡು, ಮಾತಾಡುವಷ್ಟೇ ಮೆಲ್ಲಗೆ ಮತ್ತೆ ಮೊದಲಿನಿಂದ ಹಾಡಿದರು. ಪೂರ್ತಿ ಮುಗಿಸಿದರು. ಚಪ್ಪಾಳೆ ಕಡಿಮೆಯೇ ಬಿತ್ತು. ಆದರೆ ಎರಡನೆಯ ಕ್ಯಾಸೆಟ್ಟಿನ ನಂತರ ಅವರು ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಚಹಾ ಕುಡಿಯುವಾಗ ಅವರೇ ಬಂದು ಪಕ್ಕದಲ್ಲಿ ಕೂತರು.

"ಗಂಟ್ಲು ಆಪರೇಸನ್ ಆಗಿ ಎಂಟ್ ವರ್ಸ ಆಯ್ತು ಕನವ್ವ. ಮ್ಯಾಲಿನ ಸ್ವರ ಬರಾದಿಲ್ಲ. ಕೀಬೋರ್ಡು ಜೋರಾಗಿದ್ರ ಯಾರ್ಗೂ ಗೊತ್ತಾಗಾದಿಲ್ಲ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಂಟು ವರ್ಷವೆಂದರೆ ಆರನೆಯ ಕ್ಯಾಸೆಟ್. ಸುಮ್ಮನಿರಬಹುದಿತ್ತು, ಇರಲಿಲ್ಲ.

"ಹಾಗಾದರೆ ಮೂರು, ನಾಲ್ಕು, ಐದು?"

ಅವರು ಬಟ್ಟಲು ಕೆಳಗಿಟ್ಟರು.

"ಅವು ನನ್ ದುರಾಸ."

ಇಷ್ಟು ನೇರವಾಗಿ ಒಪ್ಪಿಕೊಂಡವರ ಮೇಲೆ ಕೋಪ ಇಟ್ಟುಕೊಳ್ಳುವುದು ನನ್ನಿಂದಾಗಲಿಲ್ಲ. ಆದರೂ ಆ ಮೂರು ಕ್ಯಾಸೆಟ್‌ಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಆರು, ಏಳು, ಎಂಟನ್ನು ಮಾತ್ರ ಮತ್ತೊಮ್ಮೆ ಕೇಳಿದೆ. ಕಾರಣ ಗೊತ್ತಾದ ಮೇಲೂ, ಎಂಟರ ಆ ಒಂದನ್ನು ಬಿಟ್ಟರೆ, ಅವು ಕೆಟ್ಟ ಹಾಡುಗಳೇ. ಹಾಡಿದವರ ಮೇಲೆ ಮರುಕ ಹುಟ್ಟಿತು, ಅಷ್ಟೆ.

ಮುಂದಿನ ವರ್ಷ ಅವರು ಆರು ಹೊಸ ಹಾಡುಗಳನ್ನು ಫೋನಿಗೆ ಕಳಿಸಿದರು. ಎರಡರಲ್ಲಿ ಇಳಿಸಿದ ಶ್ರುತಿ, ತಂಬೂರಿ. ನಾಲ್ಕರಲ್ಲಿ ಅಳಿಯನ ಕೀಬೋರ್ಡ್. ನಮ್ಮ ಮನೆಯಿರುವ ಅಲ್ ಮಬೇಲಾದಿಂದ ಕಚೇರಿಗೆ ಹೋಗುವ ದಾರಿಯಲ್ಲಿ ಎಲ್ಲವನ್ನೂ ಕೇಳಿ, ಎರಡನ್ನು ಇಟ್ಟುಕೊಂಡು ನಾಲ್ಕನ್ನು ಅಳಿಸಿದೆನೆಂದು ಅವರಿಗೆ ಬರೆದೆ. ಎರಡು ಸಾಕಲ್ಲವೇ ಎಂದು ಅವರು ಮರಳಿ ಕೇಳಿದರು. ಸಾಕು ಎಂದೆ.