ಕಾಯಿ ಹೇರಿದ ಅಟ್ಟದ ಕೆಳಗೆ

ಶೆಟ್ಟಿಕೆರೆಯ ರಾಜಣ್ಣನವರು ಕೊಬ್ಬರಿಗೆ ಕಾಯಿ ಒಟ್ಟಲು ಕಾಂಕ್ರೀಟಿನ ಅಟ್ಟ ಹಾಕಿಸಿದ್ದರು. ಕಂಬಿ ಕಟ್ಟಿದವನು ನಾನು. ಅದು ಎಷ್ಟು ಭಾರ ತಡೆಯುತ್ತದೆ ಅಂತ ನೋಡಲು ಬಂದ ಇಂಜಿನಿಯರಮ್ಮ ಮರಳುಮೂಟೆ ಕೇಳಿದರೆ, ರಾಜಣ್ಣನವರು ಹಸಿ ತೆಂಗಿನಕಾಯಿಯನ್ನೇ ಹೇರಿಸಿದರು.

“ಕಟ್ಟಿದೋನೇ ಕೆಳಗೆ ನಿಂತ್ಕಳ್ಲಿ ಕಣ್ರೀ,” ಅಂದರು.

ಒಂದು ಕಂಬಿ ತಪ್ಪಿದ್ದರೂ ಅಟ್ಟ ನನ್ನ ತಲೆ ಮೇಲೇ ಬೀಳುತ್ತಿತ್ತು. ನಿಂತೆ. ಆಕೆಯೂ ಬಂದು ಪಕ್ಕದಲ್ಲೇ ನಿಂತು, ಅಟ್ಟ ಎಷ್ಟು ಬಾಗಿತೆಂದು ತೋರಿಸುವ ಮೀಟರಿನ ಮುಳ್ಳನ್ನು ನೋಡತೊಡಗಿದರು.

“ಇದರ ಎರಡರಷ್ಟು ಹೇರಿದ್ರೆ ಮಾತ್ರ ಮುರಿಯುತ್ತೆ. ಲೆಕ್ಕ ಹಾಕಿದೀನಿ.”

“ಲೆಕ್ಕ ತಪ್ಪಿದ್ರೆ ಮೇಡಂ?”

“ನಾನೂ ಇಲ್ಲೇ ಇದೀನಲ್ಲಪ್ಪ!”

ಮಾರನೆಯ ದಿನ ಕಾಯಿ ಇಳಿಸಿದಾಗ ಬಾಗಿದ್ದ ಅಟ್ಟ ಮೇಲೆದ್ದು ಮುಳ್ಳು ಹಿಂದಕ್ಕೆ ಬಂತು. ನನ್ನ ಜೀವವೂ ಬಂತು.

ಲೆಕ್ಕಕ್ಕೆ ಹೆದರಿ ಏಳನೇ ಕ್ಲಾಸು ಬಿಟ್ಟು ಓಡಿದವನು ನಾನು. ಯಾರದೋ ಲೆಕ್ಕ ಸರಿಯಾಗಿರಲಪ್ಪ ಅಂತ ದೇವರನ್ನು ಬೇಡಿಕೊಂಡದ್ದು ಅದೇ ಮೊದಲು.